ರಾಶಿ ಮುಗಿದ ಮೇಲೆ ಕೆಲಸವೆಲ್ಲಿ?



ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಬೇಸಾಯ ಹೆಚ್ಚಾಗಿ ಮಳೆಯನ್ನೇ ನಂಬಿದ್ದು. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ರಾಶಿಯಾಗುತ್ತದೆ. ಕಣ ಬರಿದಾದ ಮೇಲೆ ಮುಂದಿನ ಬಿತ್ತನೆಯವರೆಗೆ ಹೊಲದಲ್ಲಿ ಕೈತುಂಬ ಕೆಲಸವಿರುವುದಿಲ್ಲ. ಆಗ ಮನೆಮನೆಯಲ್ಲಿಯೂ ಒಂದೇ ಮಾತು: ದುಡಿಯಲು ಎಲ್ಲಿಗೆ ಹೋಗೋಣ? ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗೋ? ಶಹಾಬಾದಿನ ಕಲ್ಲುಗಣಿಗೋ? ಇಲ್ಲವೇ ಹೈದರಾಬಾದು, ಪುಣೆ, ಮುಂಬಯಿ, ಬೆಂಗಳೂರಿಗೆ ಗುಳೆಯೋ?

ಮೇಲುನೋಟಕ್ಕೆ ಇವು ಮೂರು ಬೇರೆ ಬೇರೆ ದಾರಿಗಳು. ವಿಚಾರ ಮಾಡಿದರೆ ಮೂರಕ್ಕೂ ಬೇರು ಒಂದೇ. ಪಟ್ಟಣಗಳಲ್ಲಿ ಮನೆ, ರಸ್ತೆ, ಸೇತುವೆ ಕಟ್ಟುವ ಕೆಲಸ ನಡೆದರೆ ಸಿಮೆಂಟು ಮಾರಾಟವಾಗುತ್ತದೆ, ಶಹಾಬಾದಿ ಹಾಸುಗಲ್ಲಿಗೆ ಗಿರಾಕಿ ಬರುತ್ತದೆ, ಗುಳೆ ಹೋದವನಿಗೂ ಕೂಲಿ ಸಿಗುತ್ತದೆ. ಕಟ್ಟಡದ ಕೆಲಸ ಕುಗ್ಗಿದರೆ ಮೂರೂ ಒಟ್ಟಿಗೆ ಕುಗ್ಗುತ್ತವೆ. ಆಗ ಮೊದಲು ಮನೆಗೆ ಹೋಗುವವನು ಗುತ್ತಿಗೆಯ ಕೂಲಿಕಾರನೇ. 2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆದಾಗ ಇದನ್ನು ನಾವು ಕಣ್ಣಾರೆ ಕಂಡೆವು. ದೂರದ ಪಟ್ಟಣಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದರು.

ಒಂದು ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಸಿಮೆಂಟಿನಲ್ಲಿ, ಒಬ್ಬ ಗಣಿಯಲ್ಲಿ, ಒಬ್ಬ ಹೈದರಾಬಾದಿನ ಸೆಂಟ್ರಿಂಗ್ ಕೆಲಸದಲ್ಲಿದ್ದರೆ ಮೂರು ಆದಾಯವಿದೆ ಎಂದು ತಿಳಿಯಬೇಡಿ. ಮನೆ ನಿಂತಿರುವುದು ಒಂದೇ ಕಂಬದ ಮೇಲೆ. ಮೂವರಲ್ಲಿ ಒಬ್ಬನಾದರೂ ಬೇರೆ ಕಸುಬು ಹಿಡಿಯಬೇಕು. ಪಂಪು, ಟ್ರ್ಯಾಕ್ಟರ್ ರಿಪೇರಿ ಇರಬಹುದು, ವಿದ್ಯುತ್ ಕೆಲಸ ಇರಬಹುದು, ಬೇಳೆ ಗಿರಣಿ ಇರಬಹುದು. ಕಾಲ ಕೆಟ್ಟರೂ ಜನ ಬೇಳೆ ತಿನ್ನುವುದನ್ನು ಬಿಡುವುದಿಲ್ಲ, ಕೆಟ್ಟ ಪಂಪು ರಿಪೇರಿ ಮಾಡಿಸುವುದನ್ನೂ ಬಿಡುವುದಿಲ್ಲ.

ಕೆಲಸ ಹುಡುಕುವಾಗ ಊರಿನಿಂದ ಹೊರಟು ದೂರಕ್ಕೆ ಹೋಗಿರಿ. ದೂರದಿಂದ ಆರಂಭಿಸಬೇಡಿ. ಕ್ರಮ ಹೀಗಿರಲಿ:

1. ಮೊದಲು ಗ್ರಾಮ ಪಂಚಾಯತಿ. 2005ರ ಉದ್ಯೋಗ ಖಾತರಿ ಕಾಯಿದೆ ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಹಕ್ಕು ಕೊಟ್ಟಿತು. ಅದರ ಜಾಗದಲ್ಲಿ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆಯಲ್ಲಿ ಇದು 125 ದಿನ. ಬಿತ್ತನೆ, ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸಲು ಹೊಸ ಕಾಯಿದೆಯಲ್ಲಿ ಅವಕಾಶವಿದೆ. ಆದ್ದರಿಂದ ರಾಶಿ ಮುಗಿದ ಕೂಡಲೇ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಿದರೆ ಸಾಲದು; ತಾರೀಖು ಹಾಕಿದ ರಸೀದಿ ಪಡೆಯಿರಿ. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ರಸೀದಿಯೇ ಆಧಾರ.

2. ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಕೂಡಲೇ ಕೂಲಿಗೆ ಕಳಿಸಬೇಡಿ. ಐ.ಟಿ.ಐ.ಗೆ ಸೇರಿಸಿರಿ. 1961ರ ಅಪ್ರೆಂಟಿಸ್ ಕಾಯಿದೆ ಮತ್ತು ಅದರ ನಿಯಮಗಳಂತೆ 30 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಾರ್ಖಾನೆಯು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು, ಅವರಿಗೆ ಶಿಷ್ಯವೇತನ ಕೊಡಬೇಕು. ಕೈಯಲ್ಲಿ ಕಸುಬು ಇದ್ದವನು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ತಟ್ಟಬಲ್ಲ.

3. ಓದಿದವರು ಸರಕಾರಿ ನೌಕರಿಯ ಅರ್ಜಿ ಹಾಕುವ ಮೊದಲು 371 ಜೆ ಪ್ರಮಾಣಪತ್ರ ಮಾಡಿಸಿಕೊಳ್ಳಲಿ. 2012ರ ಸಂವಿಧಾನ ತಿದ್ದುಪಡಿಯ ಫಲವಾಗಿ ನಮ್ಮ ಭಾಗದ ಸ್ಥಳೀಯ ಹುದ್ದೆಗಳಲ್ಲಿ ಸಿ ವರ್ಗದಲ್ಲಿ ನೂರಕ್ಕೆ 80, ಡಿ ವರ್ಗದಲ್ಲಿ ನೂರಕ್ಕೆ 85 ಇಲ್ಲಿಯವರಿಗೇ ಮೀಸಲು. ಪ್ರಮಾಣಪತ್ರ ಕೊಡುವವರು ಅಸಿಸ್ಟೆಂಟ್ ಕಮಿಷನರರು. ಜಾಹೀರಾತು ಬಂದ ಮೇಲೆ ಓಡಾಡಿದರೆ ಕೊನೆಯ ತಾರೀಖು ತಪ್ಪುತ್ತದೆ.

4. ಹೊರಗೆ ಹೋಗಲೇಬೇಕಾದರೆ ಕಾಗದವಿಲ್ಲದೆ ಹೋಗಬೇಡಿ. ಮೇಸ್ತ್ರಿಯ ಹೆಸರು, ಫೋನ್ ನಂಬರು, ಕೆಲಸದ ಜಾಗ, ದಿನದ ಕೂಲಿ, ಇಷ್ಟನ್ನು ಬರೆದು ಮನೆಯಲ್ಲಿಟ್ಟು ಹೊರಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಂತೆ ನೇಮಕ ಪತ್ರ ಕೊಡುವುದು ಮಾಲೀಕನ ಕರ್ತವ್ಯ. ಅದನ್ನು ಕೇಳಲು ಸಂಕೋಚ ಬೇಡ. ಕಟ್ಟಡದ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿದ 18ರಿಂದ 60 ವಯಸ್ಸಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅದಕ್ಕಾಗಿ ದುಡಿದ ದಿನಗಳ ಲೆಕ್ಕ ಬರೆದಿಡಿರಿ.

ಇನ್ನು ಎರಡು ಎಚ್ಚರಿಕೆಯ ಮಾತು. ಕೆಲಸ ಕೊಡಿಸುತ್ತೇನೆಂದು ಮೊದಲೇ ಹಣ ಕೇಳುವವನನ್ನು ನಂಬಬೇಡಿ. ಮದುವೆ, ಸಾಲ ಎಂದು ದೊಡ್ಡ ಮುಂಗಡ ತೆಗೆದುಕೊಂಡು ಇಡೀ ಕುಟುಂಬ ಕಟ್ಟುಬೀಳಬೇಡಿ. ಮುಂಗಡ ತೀರಲಿಲ್ಲವೆಂದು ಆಳನ್ನು ಹೊರಗೆ ಬಿಡದೆ ದುಡಿಸುವುದು 1976ರ ಕಾಯಿದೆಯಂತೆ ಜೀತ, ಅದು ಅಪರಾಧ. ಅಂಥ ಕಷ್ಟಕ್ಕೆ ಸಿಕ್ಕವರು, ಅವರ ಮನೆಯವರು ತಹಸೀಲ್ದಾರರಿಗೆ ದೂರು ಕೊಡಬಹುದು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಸಲ ರಾಶಿ ಮುಗಿದ ದಿನ ರಾತ್ರಿ ಗಂಡಸರು, ಹೆಂಗಸರು, ಓದುವ ಮಕ್ಕಳು ಎಲ್ಲರೂ ಕೂಡಿ ಕುಳಿತು, ಯಾರು ಯಾವ ಕೆಲಸಕ್ಕೆ ಎಂದು ಲೆಕ್ಕ ಹಾಕಿರಿ. ನಮ್ಮ ಮನೆ ಎಷ್ಟು ಕಂಬದ ಮೇಲೆ ನಿಂತಿದೆ ಎಂದು ಎಣಿಸಿ ನೋಡಿರಿ. ಒಂದೇ ಇದ್ದರೆ ಎರಡನೆಯದನ್ನು ನೆಡುವ ಕಾಲ ಇದೇ.