ತೆರೆವಾಚಕವನ್ನು ನುಡಿಸುವ ಬಗೆ

ದೃಷ್ಟಿಹೀನರು ಗಣಕಯಂತ್ರವನ್ನು ಬಳಸುವಾಗ ಅವರ ನೆರವಿಗೆ ಬರುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂಬ ಹೆಸರು ರೂಢಿಯಲ್ಲಿದೆ. ಈ ಲೇಖನದಲ್ಲಿ ಅದನ್ನು ತೆರೆವಾಚಕವೆಂದು ಕರೆಯಲಾಗಿದೆ. ಹೆಸರನ್ನು ಕೇಳಿದವರಲ್ಲಿ ಒಂದು ತಪ್ಪು ಕಲ್ಪನೆ ಮೂಡುವ ಸಂಭವವುಂಟು. ತೆರೆವಾಚಕವು ಸಾಮಾನ್ಯವಾಗಿ ತೆರೆಯನ್ನು ನೋಡುವುದೇ ಇಲ್ಲ. ಅಲ್ಲಿ ಮೂಡಿದ ಅಕ್ಷರಗಳ ಆಕಾರ ಅದಕ್ಕೆ ತಿಳಿಯದು. ಚಾಲನೆಯಲ್ಲಿರುವ ಪ್ರತಿಯೊಂದು ತಂತ್ರಾಂಶವೂ ತನ್ನ ಕಿಟಕಿಯಲ್ಲಿರುವ ಗುಂಡಿ, ಪಟ್ಟಿ, ಬರೆಹ ಮುಂತಾದವುಗಳ ಹೆಸರು, ಬಗೆ ಮತ್ತು ಸ್ಥಿತಿಗಳನ್ನು ವಿಂಡೋಸ್‌ನಂತಹ ವ್ಯವಸ್ಥೆಯ ಮೂಲಕ ಒಪ್ಪಿಸಬೇಕು. ಒಪ್ಪಿಸಿದ್ದನ್ನು ತೆರೆವಾಚಕವು ಧ್ವನಿಯಂತ್ರಕ್ಕೂ, ಬ್ರೈಲ್ ಫಲಕವಿದ್ದರೆ ಅದಕ್ಕೂ ಕಳುಹಿಸುತ್ತದೆ. ತಂತ್ರಾಂಶವು ಹೇಳದೆ ಬಿಟ್ಟದ್ದನ್ನು ತೆರೆವಾಚಕವೂ ಹೇಳಲಾರದು.

ಈ ಕೊರತೆಯಿಂದ ಆಗುವ ಹಾನಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಗಣಕದ ಮೇಲೆ ನಡೆಯುವ ಪರೀಕ್ಷೆಯೊಂದರಲ್ಲಿ ತೆರೆಯ ಮೂಲೆಯಲ್ಲಿ ‘ಇನ್ನು ಐದು ನಿಮಿಷ ಮಾತ್ರ’ ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆಂದು ಭಾವಿಸೋಣ. ಕಣ್ಣುಳ್ಳ ವಿದ್ಯಾರ್ಥಿ ಅದನ್ನು ಒಂದು ನೋಟದಲ್ಲಿ ಗ್ರಹಿಸುತ್ತಾನೆ. ದೃಷ್ಟಿಹೀನ ವಿದ್ಯಾರ್ಥಿಯ ಲಕ್ಷ್ಯವಾದರೋ ಉತ್ತರ ಬರೆಯುವ ಚೌಕದಲ್ಲಿ ನೆಟ್ಟಿರುತ್ತದೆ. ತೆರೆವಾಚಕವೂ ಆ ಚೌಕದಲ್ಲಿಯೇ ನಿಂತಿರುತ್ತದೆ. ಸೂಚನೆ ಬಂದುದಾಗಲಿ, ಹೋದುದಾಗಲಿ ಅವನಿಗೆ ತಿಳಿಯುವುದಿಲ್ಲ. ವಿಷಯಜ್ಞಾನದ ಕೊರತೆಯಿಂದಲ್ಲದೆ ಸೂಚನೆಯ ಕೊರತೆಯಿಂದ ಅಂಕಗಳು ನಷ್ಟವಾಗುವುದು ಹೀಗೆ. ಇಂತಹ ಎಡೆಗಳಲ್ಲಿ ಬೇಕಾದ ಮಾತನ್ನು ಬೇಕಾದ ಕ್ಷಣದಲ್ಲಿ ನುಡಿಯುವಂತೆ ತೆರೆವಾಚಕಕ್ಕೆ ಅಪ್ಪಣೆ ಮಾಡುವ ಕಿರು ಆದೇಶಮಾಲೆಗೆ ಸ್ಕ್ರಿಪ್ಟ್ ಎಂದು ಹೆಸರು.

ಈ ಕಲ್ಪನೆ ಹೊಸದಲ್ಲ. 1989ರಲ್ಲಿ ಡಾಸ್ ವ್ಯವಸ್ಥೆಗಾಗಿಯೂ 1995ರಲ್ಲಿ ವಿಂಡೋಸ್‌ಗಾಗಿಯೂ ಹೊರಬಂದ ಜಾಸ್ ಎಂಬ ತೆರೆವಾಚಕಕ್ಕೆ ತನ್ನದೇ ಆದ ಸ್ಕ್ರಿಪ್ಟ್ ಭಾಷೆಯುಂಟು. ಆದರೆ ಅದು ಹಣ ಕೊಟ್ಟು ಕೊಳ್ಳಬೇಕಾದ ಸಾಧನ. ಆಸ್ಟ್ರೇಲಿಯದ ಮೈಕೇಲ್ ಕರನ್ ಅವರು, ತಾವೂ ದೃಷ್ಟಿಹೀನರು, 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಲ್ಲರಿಗೂ ಉಚಿತ. ಅದರ ಮೂಲ ಬರೆಹವೂ ಮುಕ್ತ. ಬಹುಭಾಗ ಪೈಥಾನ್ ಭಾಷೆಯಲ್ಲಿ ರಚಿತವಾಗಿರುವುದರಿಂದ ಕಾಲೇಜಿನಲ್ಲಿ ಪೈಥಾನ್ ಕಲಿತ ವಿದ್ಯಾರ್ಥಿಯೊಬ್ಬನು ಅದಕ್ಕೆ ಸ್ಕ್ರಿಪ್ಟ್ ಬರೆಯಬಲ್ಲನು. ನಮ್ಮ ಕಾಲೇಜುಗಳಿಗೆ ಇದು ಹೆಚ್ಚು ಉಪಯುಕ್ತವೆಂದು ತೋರುವುದರಿಂದ ಮುಂದಿನ ವಿವರಣೆ ಇದನ್ನೇ ಕುರಿತದ್ದು.

ನುಡಿಸುವ ದಾರಿಗಳು ಎರಡು. ಒಂದು ಹೊರಗಿನಿಂದ: ಎನ್‌ವಿಡಿಎ ಜೊತೆಗೆ ಕಂಟ್ರೋಲರ್ ಕ್ಲಯಂಟ್ ಎಂಬ ಸಣ್ಣ ಗ್ರಂಥಾಲಯ ಕಡತವು ದೊರೆಯುತ್ತದೆ. ಪರೀಕ್ಷೆಯ ತಂತ್ರಾಂಶವನ್ನು ಬರೆದವರು ಅದನ್ನು ಕರೆದು, ತೆರೆವಾಚಕವು ಚಾಲನೆಯಲ್ಲಿದೆಯೇ ಎಂದು ಮೊದಲು ಕೇಳಿ, ಇದ್ದರೆ ‘ಸ್ಪೀಕ್ ಟೆಕ್ಸ್ಟ್’ ಎಂಬ ಕ್ರಿಯೆಗೆ ವಾಕ್ಯವನ್ನು ಒಪ್ಪಿಸಿದರೆ ಸಾಕು. ಈ ಕ್ರಿಯೆ ಮಾತನ್ನಷ್ಟೇ ಆಡಿಸುತ್ತದೆ. ಬ್ರೈಲ್ ಫಲಕಕ್ಕೆ ಬೇರೊಂದು ಕ್ರಿಯೆಯನ್ನು ಕರೆಯಬೇಕು. ಕಿವಿಯೂ ಕೇಳದ ಓದುಗನಿಗೆ ಬ್ರೈಲ್ ಒಂದೇ ಗತಿಯಾದುದರಿಂದ ಇದನ್ನು ಮರೆಯಲಾಗದು. ಎರಡನೆಯದು ಒಳಗಿನಿಂದ: ಎನ್‌ವಿಡಿಎಯೊಳಗೇ ಒಂದು ಪ್ಲಗಿನ್ ಸೇರಿಸಿ, ಒಂದು ಕೀಲಿಯನ್ನು ಒತ್ತಿದೊಡನೆ ಕ್ರಿಯೆ ನಡೆಯುವಂತೆ ಮಾಡುವುದು. ಇಲ್ಲಿ ‘ಯುಐ ಮೆಸೇಜ್’ ಎಂಬ ಒಂದೇ ಆದೇಶವು ಮಾತು, ಬ್ರೈಲ್ ಎರಡನ್ನೂ ನಿರ್ವಹಿಸುತ್ತದೆ. ಜಾಲಪುಟಗಳಲ್ಲಿ ಇವಾವುವೂ ಬೇಡ. 2014ರಲ್ಲಿ ಅಂಗೀಕೃತವಾದ ಏರಿಯಾ ನಿಯಮಗಳ ಪ್ರಕಾರ ಪುಟದ ಒಂದು ಭಾಗವನ್ನು ‘ಲೈವ್’ ಎಂದು ಗುರುತಿಸಿದರೆ, ಅದರಲ್ಲಿ ಬದಲಾದ ಬರೆಹವನ್ನು ತೆರೆವಾಚಕವು ತಾನಾಗಿಯೇ ಓದುತ್ತದೆ.

ಧ್ವನಿಯಂತ್ರವನ್ನು ನೇರವಾಗಿಯೇ ಮಾತನಾಡಿಸಬಾರದೇಕೆ ಎಂದು ವಾಚಕರು ಕೇಳಬಹುದು. ವಿಂಡೋಸ್‌ನಲ್ಲಿ ಎರಡು ಸಾಲುಗಳಲ್ಲಿ ಅದು ಸಾಧ್ಯವೇ ಸರಿ. ಆದರೆ ಆಗ ಒಂದೇ ಕಾಲಕ್ಕೆ ಎರಡು ದನಿಗಳು ಒಂದರ ಮೇಲೊಂದು ಬಿದ್ದು ಎರಡೂ ಅರ್ಥವಾಗದೆ ಹೋಗುತ್ತವೆ. ಅನುಭವಿ ಬಳಕೆದಾರರು ಮಾತಿನ ವೇಗವನ್ನು ಹೊಸಬರಿಗೆ ತಿಳಿಯದಷ್ಟು ಹೆಚ್ಚಿಸಿಕೊಂಡಿರುತ್ತಾರೆ. ಹೊರಗಿನ ದನಿ ಆ ವೇಗವನ್ನು ಅನುಸರಿಸದು, ಕಂಟ್ರೋಲ್ ಕೀಲಿಯನ್ನು ಒತ್ತಿದರೂ ನಿಲ್ಲದು. ಮನೆಯ ಯಜಮಾನನನ್ನು ಕೇಳದೆ ಅತಿಥಿ ಗಟ್ಟಿಯಾಗಿ ಮಾತನಾಡಿದಂತಾಯಿತು.

ಇನ್ನು ಕನ್ನಡಕ್ಕೆ ವಿಶಿಷ್ಟವಾದ ತೊಡಕನ್ನು ನೋಡೋಣ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಪಠ್ಯ, ಪ್ರಬಂಧ, ಟಿಪ್ಪಣಿಗಳು ನಮ್ಮಲ್ಲಿ ಹೇರಳವಾಗಿವೆ. ಇವುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿದೆ. ಕಣ್ಣಿಗೆ ಕಾಣುವುದು ಅಚ್ಚಗನ್ನಡ. ಕಡತದಲ್ಲಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಗೊಂದಲ. ತೆರೆವಾಚಕವು ಓದುವುದು ಕಡತದಲ್ಲಿರುವುದನ್ನು. ಆದ್ದರಿಂದ ಅಧ್ಯಾಪಕರು ಆದರದಿಂದ ಕೊಟ್ಟ ಟಿಪ್ಪಣಿಯು ದೃಷ್ಟಿಹೀನ ವಿದ್ಯಾರ್ಥಿಗೆ ಅರ್ಥಹೀನ ಸದ್ದಾಗಿ ಪರಿಣಮಿಸುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನಗಳಿರುವುದರಿಂದ ಅದರಲ್ಲಿ ಬೆರಳಚ್ಚಾದ ಬರೆಹಕ್ಕೆ ಈ ದೋಷವಿಲ್ಲ.

ಹಳೆಯ ಕಡತಗಳಿಗೆ ಸ್ಕ್ರಿಪ್ಟಿನಿಂದ ಪರಿಹಾರವುಂಟು. ಕೀಲಿಯನ್ನು ಒತ್ತಿದಾಗ ಅದು ಆಯ್ದ ಬರೆಹವನ್ನು ತೆಗೆದುಕೊಂಡು, ಯೂನಿಕೋಡ್‌ಗೆ ಪರಿವರ್ತಿಸಿ, ನುಡಿಯಲು ಕೊಡಬೇಕು. ಒಂದು ಸಂಕೇತಕ್ಕೆ ಪ್ರತಿಯಾಗಿ ಇನ್ನೊಂದನ್ನು ಇಡುವ ಪಟ್ಟಿಯೊಂದರಿಂದಲೇ ಇದು ಮುಗಿಯುವುದಿಲ್ಲ. ಹಳೆಯ ವಿನ್ಯಾಸವು ಅಚ್ಚಿನ ಮೊಳೆಗಳಂತೆ ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು. ‘ಶಕ್ತಿ’ ಎಂಬಲ್ಲಿ ಹಳೆಯ ಕಡತದಲ್ಲಿ ಶ, ಕಿ, ತಕಾರದ ಒತ್ತು ಎಂಬ ಅನುಕ್ರಮವಿರುತ್ತದೆ. ಇಕಾರವನ್ನು ಕಕಾರದಿಂದ ಬಿಡಿಸಿ ತಕಾರದ ಆಚೆಗೆ ಒಯ್ದರೆ ಮಾತ್ರ ಪದ ಸರಿಯಾಗುತ್ತದೆ. ಅರ್ಕಾವೊತ್ತಿನದು ಇದಕ್ಕೆ ವಿಲೋಮವಾದ ನಡೆ: ಆ ಒತ್ತನ್ನು ಬಳಸಿ ‘ಧರ್ಮ’ ಎಂದು ಬರೆದಾಗ ಕಡತದಲ್ಲಿ ಧ, ಮ, ಅರ್ಕಾವೊತ್ತು ಎಂದಿರುತ್ತದೆ, ಕೊನೆಯಲ್ಲಿರುವ ರೇಫವನ್ನು ಮಕಾರದ ಹಿಂದಕ್ಕೆ ತರಬೇಕು. ಈ ಎರಡು ನಿಯಮಗಳನ್ನು ಬಿಟ್ಟ ಪರಿವರ್ತಕವು ಸಂಯುಕ್ತಾಕ್ಷರಗಳಿರುವಲ್ಲೆಲ್ಲ ಎಡವುತ್ತದೆ. ನಮ್ಮ ಪಾಠ್ಯಗಳಲ್ಲಿ ಸಂಸ್ಕೃತ ಪದಗಳು ಎಷ್ಟಿವೆ ಎಂಬುದನ್ನು ನೆನೆದರೆ ಇದು ಅಲ್ಪ ದೋಷವಲ್ಲ.

ಟಿಪ್ಪಣಿಗಳಲ್ಲಿ ಇಂಗ್ಲಿಷ್ ಪದಗಳೂ ಬೆರೆತಿರುತ್ತವೆ. ಅವನ್ನೂ ಪರಿವರ್ತಿಸಿದರೆ ಅವು ಕೆಡುತ್ತವೆ. ವರ್ಡ್‌ನಂತಹ ತಂತ್ರಾಂಶವು ಪ್ರತಿ ತುಣುಕಿನ ಅಕ್ಷರವಿನ್ಯಾಸದ ಹೆಸರನ್ನೂ ಒಪ್ಪಿಸುವುದರಿಂದ, ಹೆಸರನ್ನು ನೋಡಿ ಹಳೆಯ ಕನ್ನಡ ವಿನ್ಯಾಸದ ತುಣುಕುಗಳನ್ನು ಮಾತ್ರ ಪರಿವರ್ತಿಸುವಂತೆ ಸ್ಕ್ರಿಪ್ಟನ್ನು ಬರೆಯಬೇಕು. ಕೇವಲ ಪಠ್ಯವಿರುವ ಕಡತದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಆಯ್ಕೆಯ ಹೊಣೆ ಬಳಕೆದಾರನದೇ.

ಪರಿವರ್ತನೆಯಾದ ಮೇಲೂ ಅದನ್ನು ನುಡಿಯುವ ದನಿಗೆ ಕನ್ನಡ ಬರಬೇಕು. ಎನ್‌ವಿಡಿಎ ಜೊತೆಗೆ ಬರುವ ಈಸ್ಪೀಕ್ ಎನ್‌ಜಿ ಕನ್ನಡವನ್ನು ಬಲ್ಲದು. ಅದರ ದನಿ ಲೋಹದ ಪಾತ್ರೆಯನ್ನು ತಟ್ಟಿದಂತಿದೆ ಎಂಬ ಆಕ್ಷೇಪವಿದ್ದರೂ ವೇಗವನ್ನು ಎಷ್ಟು ಹೆಚ್ಚಿಸಿದರೂ ಮಾತು ಕೆಡುವುದಿಲ್ಲ ಎಂಬ ಕಾರಣದಿಂದ ಹಲವರು ಅದನ್ನೇ ಮೆಚ್ಚುತ್ತಾರೆ. ಪರಿವರ್ತಿತ ಬರೆಹಕ್ಕೆ ಭಾಷೆಯ ಗುರುತು ಅಂಟಿರುವುದಿಲ್ಲವಾದುದರಿಂದ ಸ್ಕ್ರಿಪ್ಟೇ ಭಾಷೆ ಬದಲಿಸುವ ಆದೇಶವನ್ನು ಮಾತಿನ ಮುಂದೆ ಸೇರಿಸುವುದು ಲೇಸು. ‘ಯುಐ ಮೆಸೇಜ್’ ಈ ಆದೇಶವನ್ನು ಸ್ವೀಕರಿಸುವುದಿಲ್ಲ. ಇಲ್ಲಿ ‘ಸ್ಪೀಚ್’ ವಿಭಾಗದ ‘ಸ್ಪೀಕ್’ ಕ್ರಿಯೆಗೆ ಆದೇಶವನ್ನೂ ಬರೆಹವನ್ನೂ ಒಂದು ಸರಣಿಯಾಗಿ ಕೊಟ್ಟು, ಬ್ರೈಲ್ ಫಲಕಕ್ಕೆ ಅದೇ ಬರೆಹವನ್ನು ಬೇರೆಯಾಗಿ ಕಳುಹಿಸಬೇಕಾಗುತ್ತದೆ.