ಆ ಮನೆಯಲ್ಲಿ ಕೋವಿ ಇದೆಯಂತೆ, ಮಗನನ್ನು ಕಳುಹಿಸಬಹುದೇ?

ನವೆಂಬರ್ ತಿಂಗಳ ಒಂದು ಭಾನುವಾರ. ಎರಡನೇ ಬಲಿಪೂಜೆ ಮುಗಿಸಿ ಹೊರಬಂದಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಬಾಗಿಲಲ್ಲಿ ಕಾಯುತ್ತಿದ್ದರು. ಅವರ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಸಹಪಾಠಿಯೊಬ್ಬನ ಮನೆಯವರು ಅವನನ್ನು ಊಟಕ್ಕೆ ಕರೆದಿದ್ದಾರೆ, ಎರಡು ರಾತ್ರಿ ಅಲ್ಲೇ ತಂಗುವ ಏರ್ಪಾಡು. ಒಳ್ಳೆಯದೇ ಆಯಿತಲ್ಲ ಎಂದೆ. ಅವರು ದನಿ ತಗ್ಗಿಸಿ, "ಫಾದರ್, ಆ ಮನೆಯಲ್ಲಿ ಹನ್ನೊಂದು ಕೋವಿಗಳಿವೆಯಂತೆ! ಇವನಿಗೂ ಗುಂಡು ಹೊಡೆಯಲು ಕಲಿಸುತ್ತಾರಂತೆ. ಅವರು ಒಳ್ಳೆಯ ಜನರೇ?" ಎಂದು ಕೇಳಿದರು.

ಇಂಥ ಪ್ರಶ್ನೆ ಈಗ ನಮ್ಮ ಕರಾವಳಿಯ ಹಲವು ಮನೆಗಳಲ್ಲಿದೆ. ಹಿಂದೆ ನಮ್ಮವರು ಹೆಚ್ಚಾಗಿ ಹೋಗುತ್ತಿದ್ದುದು ಗಲ್ಫ್ ದೇಶಗಳಿಗೆ. ಅಲ್ಲಿ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಅಮೆರಿಕಕ್ಕೆ ಹೋಗುವವರಿಗೆ ಹವಾಮಾನ, ಊಟ, ಮೇಲ್ವಿಚಾರಕರೊಂದಿಗೆ ಮಾತನಾಡುವ ರೀತಿ ಎಲ್ಲವನ್ನೂ ಹೇಳಿಕೊಡುತ್ತಾರೆ. ಕೋವಿಯ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಹಾಗಾಗಿ ಈ ಲೇಖನ.

ಕಿತ್ತಳೆ ಜಾಕೆಟ್ಟಿನ ಬಲಿಪೂಜೆ

ಕೆಲವು ವರ್ಷಗಳ ಹಿಂದೆ ರಜೆಯ ಮೇಲಿದ್ದ ಗುರುಗಳೊಬ್ಬರ ಬದಲಿಗೆ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಧರ್ಮಕೇಂದ್ರವೊಂದರಲ್ಲಿ ಕೆಲವು ತಿಂಗಳು ಸೇವೆ ಸಲ್ಲಿಸುವ ಅವಕಾಶ ನನಗೆ ದೊರೆತಿತ್ತು. ಆ ರಾಜ್ಯದಲ್ಲಿ ಕೋವಿಯಿಂದ ಜಿಂಕೆ ಬೇಟೆಯಾಡುವ ಒಂಬತ್ತು ದಿನಗಳ ಋತು ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಆರಂಭವಾಗುತ್ತದೆ. ಐದು ಲಕ್ಷಕ್ಕೂ ಹೆಚ್ಚು ಜನ ಪರವಾನಗಿ ಪಡೆದು ಕಾಡಿಗಿಳಿಯುತ್ತಾರೆ. ಒಬ್ಬರ ಗುಂಡು ಇನ್ನೊಬ್ಬರಿಗೆ ತಗುಲದಂತೆ ದೂರಕ್ಕೆ ಕಾಣುವ ಕಿತ್ತಳೆ ಬಣ್ಣದ ಉಡುಪು ತೊಡಬೇಕೆಂಬ ನಿಯಮವಿದೆ. ಆ ಶನಿವಾರ ಸಂಜೆಯ ಬಲಿಪೂಜೆಗೆ ಅರ್ಧ ಇಗರ್ಜಿ ಕಿತ್ತಳೆ ಬಣ್ಣದಲ್ಲಿತ್ತು! ಕಾಡಿನಿಂದ ನೇರ ಬಂದವರು. ನನಗೆ ಪ್ರಸಂಗ ಹೇಳುವುದೇ ಕಷ್ಟವಾಯಿತು.

ಮರುದಿನ ವೃದ್ಧ ಹೈನುಗಾರರೊಬ್ಬರು ಮನೆಗೆ ಕರೆದರು. ಊಟದ ಬಳಿಕ ಉಕ್ಕಿನ ಕಪಾಟು ತೆರೆದು ಒಂದೊಂದೇ ಕೋವಿ ತೋರಿಸಿದರು. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಒಡವೆ ತೋರಿಸುತ್ತಾರಲ್ಲ, ಹಾಗೆ. ಇದು ತಂದೆಯದು, ಇದು ನನಗೆ ಹನ್ನೆರಡು ವರ್ಷವಾದಾಗ ಮಾವ ಕೊಟ್ಟದ್ದು ಎಂದು ವಿವರ. ಅವರ ದೃಷ್ಟಿಯಲ್ಲಿ ಅವು ಆಯುಧಗಳೇ ಅಲ್ಲ, ನೆನಪುಗಳು. ಬಳಿಕ ನನ್ನನ್ನು ಕೇಳಿದರು: "ನಿಮ್ಮ ಊರಲ್ಲಿ ರಾತ್ರಿ ಕಳ್ಳ ಬಂದರೆ ಏನು ಮಾಡುತ್ತೀರಿ ಫಾದರ್?" ನಾಯಿ ಬೊಗಳುತ್ತದೆ, ನಾವು ಕೂಗುತ್ತೇವೆ, ಅಕ್ಕಪಕ್ಕದವರು ಟಾರ್ಚು, ದೊಣ್ಣೆ ಹಿಡಿದು ಓಡಿಬರುತ್ತಾರೆ ಎಂದೆ. ಅವರು ಬಹಳ ಹೊತ್ತು ಯೋಚಿಸಿ, "ನನ್ನ ಅತಿ ಹತ್ತಿರದ ನೆರೆಮನೆ ಒಂದೂವರೆ ಮೈಲು ದೂರ" ಎಂದರು.

ಅವರ ಮಾತು ಸುಳ್ಳಲ್ಲ. ಹಾಗೆಂದು ಅದೇ ಪೂರ್ತಿ ಉತ್ತರವೂ ಅಲ್ಲ. ಅದೇ ಊರಿನ ಯುವಕರು ಪೇಟೆ ನಡುವೆ ಬಾಡಿಗೆ ಮನೆಯಲ್ಲಿದ್ದುಕೊಂಡು ಪಿಸ್ತೂಲು ಇಟ್ಟುಕೊಂಡಿದ್ದರು. ನೆರೆಮನೆ ಗೋಡೆಯಾಚೆಗೇ ಇತ್ತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ವರದಿಗಳಲ್ಲಿ ಈ ಬದಲಾವಣೆ ಸ್ಪಷ್ಟವಾಗಿದೆ. 1999ರಲ್ಲಿ ಕೋವಿ ಇದ್ದವರಲ್ಲಿ ಅರ್ಧದಷ್ಟು ಜನ ಬೇಟೆಯೇ ಮುಖ್ಯ ಕಾರಣ ಎಂದಿದ್ದರು. 2023ರಲ್ಲಿ ಶೇಕಡಾ 72 ಮಂದಿ ಆತ್ಮರಕ್ಷಣೆಯನ್ನು ಪ್ರಮುಖ ಕಾರಣವೆಂದರು, ಬೇಟೆ ಎಂದವರು ಶೇಕಡಾ 32 ಮಾತ್ರ. ಅಜ್ಜನ ಕೋವಿಯೂ ಮೊಮ್ಮಗನ ಪಿಸ್ತೂಲೂ ಒಂದೇ ಕಾನೂನಿನ ನೆರಳಲ್ಲಿದ್ದರೂ ಅವುಗಳ ಹಿಂದಿನ ಮನಸ್ಸು ಒಂದೇ ಅಲ್ಲ.

ಅವರಿಗೆ ಹಕ್ಕು, ನಮಗೆ ಪರವಾನಗಿ

2017ರ ಅಂದಾಜಿನ ಪ್ರಕಾರ ಅಮೆರಿಕದ ನಾಗರಿಕರ ಬಳಿ ಸುಮಾರು 39 ಕೋಟಿ ಬಂದೂಕುಗಳಿದ್ದವು. ಅಂದರೆ ಜನಸಂಖ್ಯೆಗಿಂತ ಹೆಚ್ಚು. ಆದರೆ ಎಲ್ಲರ ಕೈಯಲ್ಲೂ ಕೋವಿ ಇದೆ ಎಂದು ತಿಳಿಯಬಾರದು. ಸ್ವಂತ ಕೋವಿ ಇರುವವರು ವಯಸ್ಕರಲ್ಲಿ ಮೂರರಲ್ಲಿ ಒಬ್ಬರು. ಉಳಿದವರಲ್ಲಿ ಅನೇಕರು ಅದನ್ನು ನಮ್ಮಷ್ಟೇ ಭಯದಿಂದ ನೋಡುತ್ತಾರೆ. ಒಂದೇ ಬೆಂಚಿನಲ್ಲಿ ಕುಳಿತು ಪರಮಪ್ರಸಾದ ಸ್ವೀಕರಿಸುವವರಲ್ಲೂ ಈ ವಿಷಯದಲ್ಲಿ ಒಮ್ಮತವಿಲ್ಲ. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2000ದ ತನ್ನ ಹೇಳಿಕೆಯಲ್ಲಿ ಬಂದೂಕುಗಳ ಮಾರಾಟ ಮತ್ತು ಬಳಕೆಗೆ ನಿಯಂತ್ರಣ ಬೇಕೆಂದು ಹೇಳಿತ್ತು. ಅದನ್ನು ಒಪ್ಪದ ವಿಶ್ವಾಸಿಗಳನ್ನೂ ನಾನು ಕಂಡಿದ್ದೇನೆ.

ಮೂಲವಿರುವುದು ಇತಿಹಾಸದಲ್ಲಿ. 1775ರ ಏಪ್ರಿಲ್ 19ರಂದು ಮ್ಯಾಸಚೂಸೆಟ್ಸ್‌ನ ಕಾಂಕರ್ಡ್‌ನಲ್ಲಿ ವಸಾಹತು ಜನರು ಕೂಡಿಟ್ಟಿದ್ದ ಆಯುಧ ಮತ್ತು ಮದ್ದುಗುಂಡುಗಳನ್ನು ವಶಪಡಿಸಿಕೊಳ್ಳಲು ಬ್ರಿಟಿಷ್ ಸೈನ್ಯ ಹೊರಟಿತು. ರೈತರು ಮನೆಯ ಕೋವಿ ಹಿಡಿದು ಎದುರಾದರು. ಸ್ವಾತಂತ್ರ್ಯ ಯುದ್ಧ ಶುರುವಾದದ್ದು ಹಾಗೆ. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಎರಡನೇ ತಿದ್ದುಪಡಿ ಆಯುಧ ಹೊಂದುವುದನ್ನು ಜನರ ಹಕ್ಕೆಂದಿತು. ಅದು ನಾಗರಿಕ ಸೇನೆಗೆ ಮಾತ್ರ ಸಂಬಂಧಿಸಿದ್ದೋ ವ್ಯಕ್ತಿಗೂ ಅನ್ವಯಿಸುವುದೋ ಎಂಬ ವಾದ ಬಹುಕಾಲ ನಡೆಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಅದು ವ್ಯಕ್ತಿಯ ಹಕ್ಕು, ಮನೆಯ ರಕ್ಷಣೆಗಾಗಿ ಪಿಸ್ತೂಲು ಇಟ್ಟುಕೊಳ್ಳಬಹುದು ಎಂದು ತೀರ್ಪಿತ್ತಿತು.

ನಮ್ಮ ಕಥೆ ನೇರ ಉಲ್ಟಾ. ಅದೇ ಬ್ರಿಟಿಷರು 1878ರ ಆಯುಧ ಕಾಯ್ದೆಯಿಂದ ಭಾರತೀಯರ ಕೈಯಿಂದ ಕೋವಿ ಕಿತ್ತರು. ಸ್ವಾತಂತ್ರ್ಯದ ನಂತರ 1959ರಲ್ಲಿ ಹೊಸ ಕಾಯ್ದೆ ಬಂದರೂ ಪರವಾನಗಿ ಪದ್ಧತಿ ಉಳಿಯಿತು. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ನಮ್ಮ ಪಕ್ಕದ ಕೊಡಗು ಮಾತ್ರ ಭಿನ್ನ. ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವುದನ್ನು ಕಂಡವರಿಗೆ ವಿಸ್ಕಾನ್ಸಿನ್‌ನ ಆ ಅಜ್ಜ ಅಷ್ಟೊಂದು ವಿಚಿತ್ರವಾಗಿ ಕಾಣಲಾರರು. ಕರಾವಳಿಯ ಅಡಿಕೆ ತೋಟಗಳಲ್ಲೂ ಹಂದಿ, ಮಂಗಗಳ ಕಾಟಕ್ಕೆಂದು ಪರವಾನಗಿ ಕೋವಿ ಇದೆ. ಆದ್ದರಿಂದ ಕೋವಿ ಇದ್ದ ಮಾತ್ರಕ್ಕೆ ಮನೆಯವರು ಕೆಟ್ಟವರಾಗುವುದಿಲ್ಲ. ಆ ತಾಯಿಗೂ ನಾನು ಮೊದಲು ಹೇಳಿದ್ದು ಇದನ್ನೇ.

ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ.

ಬಾಗಿಲು ತಪ್ಪಿದ ಬಾಲಕ

1992ರಲ್ಲಿ ಯೋಶಿಹಿರೋ ಹತ್ತೋರಿ ಎಂಬ 16 ವರ್ಷದ ಜಪಾನೀ ಬಾಲಕ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಲೂಯಿಸಿಯಾನಾ ರಾಜ್ಯದ ಬ್ಯಾಟನ್ ರೂಜ್ ನಗರಕ್ಕೆ ಬಂದಿದ್ದ. ಅಮೆರಿಕದ ಜನಜೀವನ ನೋಡಬೇಕೆಂಬ ಆಸೆ, ನೃತ್ಯದಲ್ಲಿ ಬಹಳ ಆಸಕ್ತಿ. ಅಕ್ಟೋಬರ್ 17ರ ರಾತ್ರಿ ಆತಿಥೇಯ ಕುಟುಂಬದ ಹುಡುಗನ ಜತೆ ಹ್ಯಾಲೋವೀನ್ ಪಾರ್ಟಿಗೆ ಹೊರಟ. ಸಿನೆಮಾ ನಟ ಜಾನ್ ಟ್ರವೋಲ್ಟಾನಂತೆ ಬಿಳಿ ಸೂಟು ಧರಿಸಿದ್ದ. ಇಬ್ಬರೂ ಮನೆ ತಪ್ಪಿ ಅದೇ ಬೀದಿಯ ಬೇರೆ ಮನೆಯ ಕರೆಗಂಟೆ ಒತ್ತಿದರು. ಪಕ್ಕದ ಬಾಗಿಲಿನಿಂದ ಇಣುಕಿದ ಮನೆಯಾಕೆ ಹೆದರಿ ಗಂಡನಿಗೆ ಕೋವಿ ತರಲು ಹೇಳಿದಳು. ಹುಡುಗರು ಹಿಂದಿರುಗಿ ಹೋಗುತ್ತಿದ್ದಾಗ ಬಾಗಿಲು ಮತ್ತೆ ತೆರೆಯಿತು. ಪಾರ್ಟಿಯ ಮನೆಯೇ ಇರಬೇಕೆಂದು ಯೋಶಿ ತಾನು ಪಾರ್ಟಿಗೆ ಬಂದದ್ದಾಗಿ ಹೇಳುತ್ತಾ ಅತ್ತ ನಡೆದ. ಮನೆಯ ಯಜಮಾನ "ಫ್ರೀಜ್" ಎಂದು ಕೂಗಿದ. ಕೂಗಿದ್ದು ಅಲುಗಾಡಬೇಡ ಎಂಬ ಅರ್ಥದಲ್ಲಿ. ಇಂಗ್ಲಿಷ್ ಇನ್ನೂ ಕಲಿಯುತ್ತಿದ್ದ ಬಾಲಕ ನಿಲ್ಲಲಿಲ್ಲ. ಒಂದೇ ಗುಂಡು. ಆಸ್ಪತ್ರೆ ತಲುಪುವ ಮೊದಲೇ ಆತ ಅಸುನೀಗಿದ.

1993ರ ಮೇ ತಿಂಗಳಲ್ಲಿ ಜ್ಯೂರಿ ಆ ಯಜಮಾನನನ್ನು ನಿರ್ದೋಷಿ ಎಂದಿತು. ತನ್ನ ಮನೆಯೊಳಗೆ ಅಪಾಯ ಎದುರಾಯಿತೆಂದು ನಂಬಲು ಸಕಾರಣವಿದ್ದರೆ ಹಿಂದೆ ಸರಿಯದೆ ಬಲಪ್ರಯೋಗ ಮಾಡಬಹುದೆಂಬ ತತ್ವ ಅಲ್ಲಿನ ಕಾನೂನಿನಲ್ಲಿ ಬೇರೂರಿದೆ. ಮನೆಯೇ ಕೋಟೆ ಎಂಬ ಭಾವ. ಜಪಾನಿನ ಜನರಿಗೆ ಇದು ಅರ್ಥವೇ ಆಗಲಿಲ್ಲ. 1994ರಲ್ಲಿ ಸಿವಿಲ್ ನ್ಯಾಯಾಲಯ ಮಾತ್ರ ಗುಂಡು ಹಾರಿಸುವ ಅಗತ್ಯವಿರಲಿಲ್ಲವೆಂದು ಹೇಳಿ ಹೆತ್ತವರಿಗೆ ಆರೂವರೆ ಲಕ್ಷ ಡಾಲರ್ ಪರಿಹಾರ ವಿಧಿಸಿತು. ಸೆಮಿನರಿಯಲ್ಲಿ ಸಂತ ತೋಮಾಸ್ ಅಕ್ವಿನಾಸರ ಆತ್ಮರಕ್ಷಣೆಯ ಪಾಠ ಓದಿದವರಿಗೆ ಸಿವಿಲ್ ನ್ಯಾಯಾಧೀಶರ ಮಾತು ಪರಿಚಿತವೆನಿಸೀತು. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಬಲ ಪ್ರಯೋಗಿಸಿದರೆ ಅದು ಸರಿಯಲ್ಲ ಎಂದು ಅವರು 13ನೇ ಶತಮಾನದಲ್ಲೇ ಬರೆದಿದ್ದರು.

ಯೋಶಿಯ ತಂದೆತಾಯಿ ಜಪಾನಿನಲ್ಲಿ 17 ಲಕ್ಷ ಸಹಿ ಸಂಗ್ರಹಿಸಿ 1993ರ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಭೇಟಿಯಾದರು. ಅದೇ ತಿಂಗಳು ಪಿಸ್ತೂಲು ಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡಬೇಕೆನ್ನುವ ಬ್ರೇಡಿ ಕಾಯ್ದೆಗೆ ಸಹಿ ಬಿತ್ತು. ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಮಗನ ಹೆಸರಿನಲ್ಲಿ ನಿಧಿ ಸ್ಥಾಪಿಸಿ ಅಮೆರಿಕದ ವಿದ್ಯಾರ್ಥಿಗಳನ್ನು ಜಪಾನಿಗೆ ಕರೆಸಿಕೊಂಡರು, ಕೋವಿಯಿಲ್ಲದ ಸಮಾಜದಲ್ಲಿ ಜನ ಹೇಗೆ ಬದುಕುತ್ತಾರೆಂದು ಅವರೂ ನೋಡಲಿ ಎಂದು. ಮಗನನ್ನು ಕಳೆದುಕೊಂಡವರು ಆ ದೇಶದ ಮಕ್ಕಳಿಗೆ ತಮ್ಮ ದೇಶದ ಬಾಗಿಲು ತೆರೆದರು. ಇದನ್ನು ಓದಿದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ.

ಇದು ಹಳೆಯ ಕಥೆಯಲ್ಲವೇ ಎಂದು ಕೇಳಬಹುದು. 2023ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋಗಿ ತಪ್ಪು ಮನೆಯ ಗಂಟೆ ಒತ್ತಿದ 16 ವರ್ಷದ ಬಾಲಕನಿಗೆ ಗುಂಡೇಟು ಬಿತ್ತು, ಪುಣ್ಯಕ್ಕೆ ಬದುಕಿದ. ಎರಡು ದಿನಗಳ ಬಳಿಕ ನ್ಯೂಯಾರ್ಕ್ ರಾಜ್ಯದಲ್ಲಿ ದಾರಿ ತಪ್ಪಿ ಬೇರೆಯವರ ಅಂಗಳಕ್ಕೆ ತಿರುಗಿದ ಕಾರಿನಲ್ಲಿದ್ದ 20 ವರ್ಷದ ಯುವತಿ ಗುಂಡಿಗೆ ಬಲಿಯಾದಳು. ನಮ್ಮೂರಿನಲ್ಲಿ ವಿಳಾಸ ತಿಳಿಯದಿದ್ದರೆ ಯಾರ ಮನೆಯ ಗೇಟನ್ನಾದರೂ ತೆರೆದು ಒಳಹೋಗಿ ಕೇಳುವುದು ರೂಢಿ. ಅಲ್ಲಿ ರಾತ್ರಿ ಹೊತ್ತು ಈ ಅಭ್ಯಾಸ ಬೇಡ. ಬೀದಿಯಲ್ಲೇ ನಿಂತು ಫೋನ್ ಮಾಡಿ.

ಕೇಳಬೇಕಾದ ಪ್ರಶ್ನೆ

ಕೋವಿ ಏಕೆ ಬೇಕು ಎಂದು ನಮ್ಮ ಹುಡುಗರು ಅಲ್ಲಿ ಊಟದ ಮೇಜಿನಲ್ಲಿ ಕೇಳಿದರೆ ಚರ್ಚೆ ಮಧ್ಯರಾತ್ರಿಯಾದರೂ ಮುಗಿಯದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇದೆ: ಕೋವಿಯನ್ನು ಎಲ್ಲಿಟ್ಟಿದ್ದೀರಿ, ಬೀಗ ಹಾಕಿದೆಯೇ, ಗುಂಡುಗಳು ಬೇರೆ ಕಡೆ ಇವೆಯೇ? ಇದು ಅವಮಾನದ ಪ್ರಶ್ನೆಯಲ್ಲ. ಮಗುವನ್ನು ಬೇರೆ ಮನೆಗೆ ಆಟಕ್ಕೆ ಕಳುಹಿಸುವ ಮೊದಲು ಹೀಗೆ ಕೇಳಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಬಹಳ ವರ್ಷಗಳಿಂದ ಹೇಳುತ್ತಿದೆ. ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳೂ ಸಂಕೋಚಪಡಬೇಕಿಲ್ಲ. ಜವಾಬ್ದಾರಿಯಿಂದ ಕೋವಿ ಇಟ್ಟುಕೊಂಡವರು ಬೇಸರಿಸುವುದಿಲ್ಲ, ಸಂತೋಷದಿಂದ ತೋರಿಸುತ್ತಾರೆ.

ಬೀಗಕ್ಕೆ ಇಷ್ಟು ಮಹತ್ವ ಏಕೆಂದರೆ, 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇಕಡಾ 58, ಆತ್ಮಹತ್ಯೆಗಳು. ಪತ್ರಿಕೆಗಳಲ್ಲಿ ಬರುವ ಸಾಮೂಹಿಕ ಹತ್ಯೆಗಳು ಈ ಲೆಕ್ಕದ ಸಣ್ಣ ಪಾಲು. ಒಂಟಿತನ, ಸಾಲ, ವೀಸಾ ಚಿಂತೆಗಳಲ್ಲಿರುವ ವಿದ್ಯಾರ್ಥಿ ಅಥವಾ ಉದ್ಯೋಗಿಯ ಕೈಗೆ ತೆರೆದ ಕಪಾಟು ಸಿಗಬಾರದು. ಅಲ್ಲಿ 988 ಸಂಖ್ಯೆಗೆ ಕರೆ ಮಾಡಿದರೆ ಹಗಲುರಾತ್ರಿ ಮಾತನಾಡಲು ಜನರಿದ್ದಾರೆ. ಮಕ್ಕಳಿಗೆ ಈ ಸಂಖ್ಯೆ ಬರೆದುಕೊಡಿ.

ಇನ್ನು ಗುಂಡು ಹೊಡೆಯಲು ಕಲಿಯುವ ವಿಷಯ. ಆ ತಾಯಿಗೆ ಗೊತ್ತಿರದ ಸಂಗತಿ ಇದು, ಮಗನಿಗೂ ಗೊತ್ತಿರಲಿಲ್ಲ. ವಿದ್ಯಾರ್ಥಿ ಅಥವಾ ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಅಥವಾ ಗುಂಡು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಯಾವುದೇ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿಯಿದೆ. ಸ್ನೇಹಿತನ ಕೋವಿಯನ್ನು ಐದು ನಿಮಿಷ ಕೈಯಲ್ಲಿ ಹಿಡಿದರೂ ಹೊಂದಿದಂತೆ ಎಂದು ಪರಿಗಣಿಸುವ ಸಾಧ್ಯತೆಯಿದೆ. ಶಿಕ್ಷೆ 15 ವರ್ಷಗಳವರೆಗೆ, ಮೇಲಿಂದ ಗಡೀಪಾರು. ಕೋವಿ ಹಿಡಿದ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕುವ ನಮ್ಮ ಹುಡುಗರ ಉತ್ಸಾಹ ನೆನೆದರೆ ಭಯವಾಗುತ್ತದೆ. ಕರೆದವರು ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಾರೆ, ಈ ನಿಯಮ ಅವರಿಗೂ ತಿಳಿದಿರುವುದಿಲ್ಲ. ಹೋಗುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸುವುದು ಉತ್ತಮ.

ಡಿಸೆಂಬರ್‌ನಲ್ಲಿ ಆ ತಾಯಿ ಮತ್ತೆ ಸಿಕ್ಕಿದರು. ಮಗ ಹೋಗಿ ಬಂದನಂತೆ. ಬೀಗದ ಪ್ರಶ್ನೆ ಕೇಳಿದಾಗ ಮನೆಯ ಯಜಮಾನ ನೆಲಮಾಳಿಗೆಗೆ ಕರೆದೊಯ್ದು ಕಪಾಟಿನ ಬೀಗ ಎಳೆದು ತೋರಿಸಿದರಂತೆ. ವೀಸಾ ನಿಯಮ ಕೇಳಿ ಗಾಬರಿಯಾಗಿ ಕ್ಷಮೆಯನ್ನೂ ಕೇಳಿದರಂತೆ. ಬಳಿಕ ಅವರ ಸರದಿ. ನಿಮ್ಮ ಮನೆಯಲ್ಲಿ ಒಂದೂ ಕೋವಿ ಇಲ್ಲವೇ ಎಂದು ಕೇಳಿದರು. ಅಜ್ಜನ ತೋಟದ ಕೋವಿ ಒಂದಿದೆ, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ತರುತ್ತಾರೆ, ಚುನಾವಣೆ ಮುಗಿದ ಮೇಲೆ ವಾಪಸು ಎಂದು ಇವನು ಹೇಳಿದ. "ಸರಕಾರ ಆರಿಸುವ ಹೊತ್ತಿಗೇ ಸರಕಾರಕ್ಕೆ ಕೋವಿ ಕೊಡುತ್ತೀರಾ?" ಎಂದು ಅವರು ಹೆಂಡತಿಯನ್ನು ಕರೆದು ಮತ್ತೊಮ್ಮೆ ಹೇಳಿಸಿದರಂತೆ. ಕೊನೆಗೂ ನಂಬಿದರೋ ಇಲ್ಲವೋ ಎಂಬುದು ಮಗನಿಗೂ ತಿಳಿಯಲಿಲ್ಲವಂತೆ.