ಎರೆಮಣ್ಣು ಕೇಳುವ ಪ್ರಶ್ನೆ



ಬೆಳಗಾವಿಯಿಂದ ಯರಗಟ್ಟಿಯ ಕಡೆಗೆ ಹೋಗುವ ಬಸ್ಸಿನಲ್ಲಿ ನೇಸರಗಿಗೆ ಇಳಿದು, ಕಡುಬೇಸಿಗೆಯಲ್ಲಿ ಯಾವುದಾದರೂ ಎರಿ ಹೊಲಕ್ಕೆ ಹೋಗಿ ನೋಡಿ. ನೆಲ ಬಾಯಿ ಬಿಟ್ಟಿರುತ್ತದೆ. ಮಳೆ ಹಿಡಿದ ಮೇಲೆ ಅದೇ ಹೊಲಕ್ಕೆ ಬಂದರೆ ಬಿರುಕುಗಳೆಲ್ಲ ಮುಚ್ಚಿಹೋಗಿರುತ್ತವೆ. ಮಣ್ಣು ನೀರು ಕುಡಿದು ಉಬ್ಬಿರುತ್ತದೆ. ಜೋಳ, ಹತ್ತಿ, ಕಡಲೆ ಬೆಳೆಯುವವರಿಗೆ ಈ ಮಣ್ಣು ಬಂಗಾರ, ಏಕೆಂದರೆ ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಅದರ ಮೇಲೆ ಮನೆ ಕಟ್ಟಿಸಿದವರನ್ನು ಕೇಳಿ, ಬೇರೆ ಮಾತು ಹೇಳುತ್ತಾರೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಗಿಲಾವು ಮಾಡಿ ಮುಚ್ಚಿಸಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ. ಸಾಲ ತೀರುವ ಮೊದಲೇ ಗೋಡೆ ಕೈಕೊಟ್ಟ ಮನೆಗಳನ್ನು ನೀವೂ ಕಂಡಿರುತ್ತೀರಿ.

ಕಟ್ಟಡ ನಿರ್ಮಾಣದ ಬಗ್ಗೆ ಸಂವಾದ ನಡೆಸಿದಾಗಲೆಲ್ಲ ನಿಮ್ಮ ವಯಸ್ಸಿನವರು ನನಗೆ ಒಂದು ಪ್ರಶ್ನೆ ಹಾಕುತ್ತಾರೆ: "ಸರ್, ಮನೆ ಕಟ್ಟುವುದರಲ್ಲಿ ಸಂಶೋಧನೆ ಮಾಡಲು ಏನಿದೆ? ಗೌಂಡಿಗೆ ಗೊತ್ತಿಲ್ಲದ್ದು ಏನಿದೆ?" ಕೇಳಬೇಕಾದ ಪ್ರಶ್ನೆಯೇ. ಎರೆಮಣ್ಣು ಉಬ್ಬುತ್ತದೆ ಎಂಬುದು ಗೌಂಡಿಗೆ ಚೆನ್ನಾಗಿ ಗೊತ್ತು. ಎಷ್ಟು ಉಬ್ಬುತ್ತದೆ, ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ, ಎಷ್ಟು ಆಳದ ಕೆಳಗೆ ಸುಮ್ಮನಿರುತ್ತದೆ ಎಂಬುದನ್ನು ಅಳೆಯದೆ ಹೇಳಲಾಗದು. ಸಂಶೋಧನೆ ಶುರುವಾಗುವುದು ಅಲ್ಲಿಂದ.

ಮಣ್ಣು ಉಬ್ಬುವ ಬಗೆಯನ್ನು ಮೊದಲು ತಿಳಿಯೋಣ. ದಖ್ಖನದ ಕಪ್ಪು ಮಣ್ಣು ಹೆಚ್ಚಾಗಿ ಬಸಾಲ್ಟ್ ಶಿಲೆ ಸವೆದು ಆದದ್ದು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಈ ಖನಿಜ ಇಸ್ಪೀಟಿನ ಎಲೆಗಳನ್ನು ಒಂದರ ಮೇಲೊಂದು ಇಟ್ಟಂತೆ ಪದರ ಪದರವಾಗಿದೆ. ಪದರಗಳ ನಡುವಿನ ಹಿಡಿತ ಸಡಿಲ. ನೀರು ಒಳಗೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಕೆಯೊಲಿನೈಟ್ ಎಂಬ ಇನ್ನೊಂದು ಜೇಡಿಯಲ್ಲಿ ಪದರಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಹೀಗೆ ಉಬ್ಬುವುದಿಲ್ಲ.

ಇನ್ನು ನೇಸರಗಿಯಿಂದ ಸವದತ್ತಿಯ ಕಡೆಗೆ ಬನ್ನಿ. ಅಲ್ಲಿ ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿಂದ ಹೊರಡುವ ಬಲದಂಡೆ ಕಾಲುವೆ ಬಹುದೂರ ಎರಿನೆಲದಲ್ಲೇ ಸಾಗುತ್ತದೆ. ಕಾಲುವೆ ಎಂದರೆ ಸದಾ ನೀರು ತಾನೆ? ಒಳಮೈಗೆ ಹಾಸಿದ ಕಾಂಕ್ರೀಟನ್ನು ಕೆಳಗಿನ ಮಣ್ಣು ಉಬ್ಬಿ ಎತ್ತಿಬಿಡುತ್ತದೆ, ಇಳಿಜಾರುಗಳು ಜಾರುತ್ತವೆ. ಕಾಲುವೆ ಕೆಟ್ಟರೆ ಬಾಲತುದಿಯ ರೈತನಿಗೆ ನೀರಿಲ್ಲ.

ಉಬ್ಬುವ ಮಣ್ಣಿನ ಮೇಲೆ ಮರಳು ಹಾಸಿ ಪಾರಾಗುವ ಯತ್ನ ಹಳೆಯದು. ಮರಳಿನ ಕಣಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಗುಣವಿಲ್ಲ, ಮೇಲಾಗಿ ನೀರನ್ನು ಸಲೀಸಾಗಿ ಕೆಳಗೆ ಬಿಡುತ್ತದೆ. ಹಾಗಾಗಿ ಅದು ನೆಚ್ಚುವ ಉಪಾಯವಾಗಲಿಲ್ಲ. ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ದೊಡ್ಡ ಪ್ರಮಾಣದ ಪ್ರಯೋಗಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಎರೆಮಣ್ಣು ಪೂರ್ತಿ ನೆನೆದರೂ ಉಬ್ಬುವುದು ಮುಖ್ಯವಾಗಿ ಮೇಲಿನ ಸುಮಾರು ಒಂದು ಮೀಟರ್ ಮಾತ್ರ. ಅದರ ಕೆಳಗಿನ ಮಣ್ಣು ಹೆಚ್ಚು ಕಡಿಮೆ ಅಲುಗದೆ ಇರುತ್ತದೆ. ನೆನೆದ ಮೇಲ್ಪದರದಲ್ಲಿ ಹುಟ್ಟುವ ಅಂಟುಬಲವೇ ಕೆಳಗಿನದನ್ನು ಹಿಡಿದಿಡುತ್ತದೆ ಎಂದು ಅವರು ತರ್ಕಿಸಿದರು. ಹಾಗಿದ್ದರೆ ಅಂಟುವ ಗುಣವಿದ್ದೂ ಉಬ್ಬದಂಥ ಬೇರೆ ಮಣ್ಣನ್ನು, ಅಂದರೆ ತಕ್ಕ ಜೇಡಿ ಇರುವ ಗರಸಿನಂಥದ್ದನ್ನು, ಮೇಲೆ ಹಾಸಿ ದಮ್ಮಸು ಮಾಡಿದರೆ ಆ ಕೆಲಸ ಆಗಬೇಡವೇ? ಆಯಿತು. ಈ ವಿಧಾನವನ್ನು ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಬಳಸಲಾಯಿತು. ಕಟ್ಟಿಯವರ ವಿವರವಾದ ಉಪನ್ಯಾಸ 1979ರಲ್ಲಿ ಅಚ್ಚಾಯಿತು. ಎರೆಮಣ್ಣಿನಲ್ಲಿ ಕಾಲುವೆ ಕಟ್ಟುವ ಬಗೆಗಿನ ಭಾರತೀಯ ಮಾನಕದಲ್ಲೂ ಇಂಥ ಪದರಕ್ಕೆ ಸ್ಥಾನ ದೊರೆತಿದೆ. ಮಣ್ಣಿನ ಉಬ್ಬುವ ಒತ್ತಡ ಹೆಚ್ಚಿದಂತೆ ಪದರದ ದಪ್ಪವೂ ಹೆಚ್ಚಬೇಕು.

ಇಲ್ಲಿ ಹೊಸ ಯಂತ್ರವಿಲ್ಲ, ದುಬಾರಿ ರಾಸಾಯನಿಕವಿಲ್ಲ ಎಂಬುದನ್ನು ಗಮನಿಸಿ. ಮಣ್ಣು ಎಲ್ಲಿ ಉಬ್ಬುವುದಿಲ್ಲ ಎಂದು ಕೇಳಿದ್ದೇ ದೊಡ್ಡ ಹೆಜ್ಜೆ. ಉಳಿದವರೆಲ್ಲ ಉಬ್ಬುವ ಕಡೆಯೇ ನೋಡುತ್ತಿದ್ದರು.

ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣನ್ನು 10 ಗ್ರಾಮಿನಂತೆ ಎರಡು ಪಾಲು ಮಾಡಿ, 100 ಮಿಲಿಲೀಟರಿನ ಎರಡು ಅಳತೆಗೊಳವೆಗಳಿಗೆ ಹಾಕಬೇಕು. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ನಿಮ್ಮ ಕಡೆಯ ಚಿಮಣಿ ಎಣ್ಣೆ. (ದೀಪ, ಒಲೆ ಹತ್ತಿರ ಬೇಡ.) ಚೆನ್ನಾಗಿ ಕಲಕಿ 24 ಗಂಟೆ ಬಿಡಿ. ಎರೆಮಣ್ಣು ಎಣ್ಣೆಯಲ್ಲಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನಲ್ಲಿ ತಂಗಿದ ಮಣ್ಣು 22 ಮಿಲಿಲೀಟರ್, ಎಣ್ಣೆಯಲ್ಲಿ 11 ಆಗಿದ್ದರೆ, ವ್ಯತ್ಯಾಸ 11. ಅದನ್ನು ಎಣ್ಣೆಯಲ್ಲಿನ 11ರಿಂದ ಭಾಗಿಸಿದರೆ ನೂರಕ್ಕೆ ನೂರು ಉಬ್ಬುವಿಕೆ. 1977ರ ಭಾರತೀಯ ಮಾನಕ ಹೇಳುವ ವಿಧಾನ ಇದೇ.

ಸ್ಟುಡಿಯೋದಲ್ಲಿ ಇದನ್ನು ತೋರಿಸಲು ಹೋಗಿ ನಾನು ಒಮ್ಮೆ ಪೇಚಿಗೆ ಸಿಕ್ಕಿದ್ದೆ. ವಿಜ್ಞಾನ ಪದವೀಧರ ಎಂಬ ಜಂಬ ಬೇರೆ! ಮಣ್ಣನ್ನು ಸರಿಯಾಗಿ ಒಣಗಿಸದೆ, ಉಂಡೆ ಒಡೆಯದೆ ಹಾಕಿದ್ದೆ. ಮರುದಿನ ಕ್ಯಾಮೆರಾ ಮುಂದೆ ಎರಡೂ ಕೊಳವೆಗಳಲ್ಲಿ ಮಣ್ಣು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಕೂತಿತ್ತು. ಅತಿಥಿಯಾಗಿ ಬಂದಿದ್ದ ಅಧ್ಯಾಪಕರು ನಕ್ಕು, "ಹೀಗಾದ ದಿನವೇ ನಮ್ಮ ಹುಡುಗರು ಏನಾದರೂ ಕಲಿಯುವುದು" ಎಂದರು.

ಆದರೆ ಎಲ್ಲವನ್ನೂ ಸರಿಯಾಗಿ ಮಾಡಿದಾಗಲೂ ಲೆಕ್ಕ ತಪ್ಪಬಹುದು. ಕೆಯೊಲಿನೈಟ್ ಹೆಚ್ಚಿರುವ ಮಣ್ಣು ನೀರಿಗಿಂತ ಸೀಮೆಎಣ್ಣೆಯಲ್ಲೇ ಹೆಚ್ಚು ಜಾಗ ಹಿಡಿಯುತ್ತದೆ, ಆಗ ಉತ್ತರ ಋಣ ಸಂಖ್ಯೆ. ಉಬ್ಬುವಿಕೆ ಸೊನ್ನೆಗಿಂತ ಕಡಿಮೆ ಎಂದರೆ ಅರ್ಥವೇನು? ಪರೀಕ್ಷೆಯಲ್ಲಿ ತಪ್ಪಾಗಿದೆ ಎಂದು ಆ ಅಂಕಿಯನ್ನು ಹೊಡೆದುಹಾಕಬಹುದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಮತ್ತು ಸಂಗಡಿಗರು ಅದನ್ನೇ ಪ್ರಶ್ನೆಯಾಗಿಸಿಕೊಂಡು, ವ್ಯಾಖ್ಯೆಯನ್ನೇ ಬದಲಿಸಬೇಕೆಂದು ವಾದಿಸಿದರು. 2000ದಲ್ಲಿ ಶ್ರೀಧರನ್ ಮತ್ತು ಕೆ. ಪ್ರಕಾಶ್ ಅವರು ನೀರಿನ ಅಳತೆಯನ್ನು ಎಣ್ಣೆಯ ಅಳತೆಯಿಂದ ನೇರ ಭಾಗಿಸುವ ಅನುಪಾತವನ್ನು ಮುಂದಿಟ್ಟರು. ಅದು ಒಂದಕ್ಕಿಂತ ಕಡಿಮೆ ಬಂದರೆ ಉಬ್ಬದ ಜೇಡಿ, 2ರಿಂದ 4 ಬಂದರೆ ಬಹಳ ಉಬ್ಬುವ ಮಣ್ಣು. ನಮ್ಮ ಉದಾಹರಣೆಯಲ್ಲಿ ಅದು 2.

ಇಂಥ ಕೆಲಸಕ್ಕೆ ದಾರಿ ಹೇಗೆ? ಸಿವಿಲ್ ಇಂಜಿನಿಯರಿಂಗ್ ಪದವಿ, ಬಳಿಕ ಎರಡು ವರ್ಷದ ಎಂ.ಟೆಕ್., ಅದರ ಎರಡನೆಯ ವರ್ಷದಲ್ಲಿ ಪ್ರಬಂಧದ ಕೆಲಸ. ಆಮೇಲೆ ಪಿಎಚ್.ಡಿ.; ಅದಕ್ಕೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಇನ್ನೂ ಹೆಚ್ಚು. ನಿಮ್ಮ ಜಿಲ್ಲೆಯಲ್ಲೇ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಸೀಟು ಸಿಗುವುದಕ್ಕಿಂತ ವಿಷಯವನ್ನು ಸಣ್ಣದು ಮಾಡಿಕೊಳ್ಳುವುದು ಕಷ್ಟ. "ಎರೆಮಣ್ಣಿನ ಸಮಸ್ಯೆಗಳು" ಎಂದು ಹೋದರೆ ಮಾರ್ಗದರ್ಶಕರು ವಾಪಸ್ ಕಳಿಸುತ್ತಾರೆ. "ನೇಸರಗಿಯ ಸುತ್ತಿನ ಗರಸಿನಲ್ಲಿ ಯಾವುದು ಮನೆಯ ಬುನಾದಿಯ ಕೆಳಗೆ ಹಾಸಲು ಯೋಗ್ಯ, ಎಷ್ಟು ದಪ್ಪ ಬೇಕು?" ಎಂದು ಕೇಳಿದರೆ ಕುಳಿತು ಮಾತಾಡುತ್ತಾರೆ. ಕಾಲುವೆಗೆ ಒಪ್ಪಿದ್ದು ಹಗುರವಾದ ಒಂದಂತಸ್ತಿನ ಮನೆಗೂ ಹಾಗೇ ಒಪ್ಪುತ್ತದೆ ಎಂದು ಮೊದಲೇ ನಂಬಬೇಡಿ, ಅಳೆಯಬೇಕಾದದ್ದು ಅದನ್ನೇ.

ಈ ರಜೆಯಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಸೂಚನೆ. ಮೇಲಿನ ಒಂದಡಿ ಮಣ್ಣನ್ನು ಬಿಟ್ಟು ಕೆಳಗಿನದನ್ನು ತೆಗೆಯಿರಿ, ಮೇಲಿನದರಲ್ಲಿ ಬೇರು, ಗೊಬ್ಬರ ಸೇರಿರುತ್ತವೆ. ಚೀಲದ ಮೇಲೆ ಹೊಲ, ಆಳ, ತಾರೀಖು ಬರೆಯಿರಿ. ಮತ್ತು ಮಣ್ಣನ್ನು ಪೂರ್ತಿ ಒಣಗಿಸಿ, ನನ್ನ ಹಾಗೆ ಅವಸರ ಮಾಡಬೇಡಿ.